ಅಂಡಮಾನ್‌ಗೆ ಕೆಲಸದ ಮೇಲೆ ಹೊರಟವರಿಗೆ: ಟಿಕೆಟ್ ಹೊಂದಿಸುವುದು, ವಿಮಾನ ಕೈಕೊಟ್ಟರೆ ಎಕ್ಸ್‌ನಲ್ಲಿ ಕೇಳುವುದು

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ವಿಮಾನ ರದ್ದಾದರೆ ರಾತ್ರಿ ಬಸ್ಸು ಹತ್ತಬಹುದು. ಶ್ರೀ ವಿಜಯಪುರಂನಿಂದ ಹೊರಡುವ ವಿಮಾನ ರದ್ದಾದರೆ ಇರುವುದು ಎರಡೇ ದಾರಿ: ಮತ್ತೊಂದು ವಿಮಾನ, ಇಲ್ಲವೇ ಚೆನ್ನೈ, ಕೋಲ್ಕತ್ತ ಅಥವಾ ವಿಶಾಖಪಟ್ಟಣಕ್ಕೆ ಮೂರು ದಿನ ಹಿಡಿಯುವ ಹಡಗು. ಆ ಹಡಗೂ ದಿನಾ ಇರುವುದಿಲ್ಲ. (2024ರ ಸೆಪ್ಟೆಂಬರ್‌ವರೆಗೆ ಊರಿನ ಹೆಸರು ಪೋರ್ಟ್ ಬ್ಲೇರ್. ಎಷ್ಟೋ ಟಿಕೆಟ್‌ಗಳಲ್ಲಿ ಈಗಲೂ ಹಳೆಯ ಹೆಸರೇ ಇರುತ್ತದೆ. ವಿಮಾನ ನಿಲ್ದಾಣದ ಕೋಡ್ ಐಎಕ್ಸ್‌ಜೆಡ್.)

ಲಿಫ್ಟ್, ಎಸಿ, ಜನರೇಟರ್, ಸೋಲಾರ್ ಸರ್ವಿಸ್‌ಗೆ ಹೋಗುವವರು, ಆಡಿಟ್‌ಗೆ ಹೋಗುವವರು, ವಿಮೆ ಕಂಪನಿಯ ಸರ್ವೇಯರ್‌ಗಳು, ಹೋಟೆಲ್‌ಗಳಿಗೆ ಯಂತ್ರ ಕೂರಿಸಲು ಹೋಗುವವರು ಕರ್ನಾಟಕದಿಂದ ಅಂಡಮಾನ್‌ಗೆ ಓಡಾಡುತ್ತಲೇ ಇರುತ್ತಾರೆ. ಅವರ ತೊಂದರೆಯ ಮೂಲ ಬಹುಪಾಲು ಒಂದೇ, ಟಿಕೆಟ್‌ಗಳು ಬಿಡಿಬಿಡಿಯಾಗಿರುವುದು. ವಿಮಾನ ಒಬ್ಬರದು, ಸ್ವರಾಜ್ ದ್ವೀಪಕ್ಕೆ (ಹಳೆಯ ಹ್ಯಾವ್‌ಲಾಕ್) ಹೋಗುವ ಫೆರಿ ಇನ್ನೊಬ್ಬರದು, ರೂಮು ಮತ್ತೊಬ್ಬರದು. ಒಂದು ತಪ್ಪಿದರೆ ಉಳಿದವರಿಗೆ ಅದರ ಹೊಣೆ ಇಲ್ಲ. ‘ನನ್ನ ಫೆರಿ ತಪ್ಪಿಹೋಗುತ್ತದೆ’ ಎಂದು ವಿಮಾನ ಕಂಪನಿಗೆ ಎಷ್ಟು ಬರೆದರೂ ಅವರು ಮಾಡಿಕೊಡಬಹುದಾದದ್ದು ತಮ್ಮ ವಿಮಾನದ ಸೀಟು ಮಾತ್ರ. ಇದು ತಲೆಯಲ್ಲಿದ್ದರೆ ದಿನಗಳನ್ನು ಹೇಗೆ ಹೊಂದಿಸಬೇಕು, ಯಾರ ಹತ್ತಿರ ಏನು ಕೇಳಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ದಿನಗಳ ಲೆಕ್ಕ

ಹಿಂದಿರುಗುವ ವಿಮಾನದ ಹಿಂದಿನ ರಾತ್ರಿ ಶ್ರೀ ವಿಜಯಪುರಂನಲ್ಲೇ ಇರಬೇಕು. ಬೆಳಿಗ್ಗೆ ಸ್ವರಾಜ್ ದ್ವೀಪದಿಂದ ಫೆರಿ ಹತ್ತಿ ಮಧ್ಯಾಹ್ನದ ವಿಮಾನ ಹಿಡಿಯುವುದು ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಖಾಸಗಿ ಫೆರಿಗೆ ಒಂದೂವರೆಯಿಂದ ಎರಡು ಗಂಟೆ, ಸರ್ಕಾರಿ ಫೆರಿಗೆ ಎರಡೂವರೆ ಗಂಟೆ ಸಾಕು. ಆದರೆ ಸಮುದ್ರ ಏರಿದ ದಿನ ಫೆರಿ ಹೊರಡುವುದೇ ಇಲ್ಲ. ಮೇನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು, ಎರಡರ ಅಂಚಿನಲ್ಲೂ ಚಂಡಮಾರುತದ ಭಯ. ಈ ತಿಂಗಳುಗಳಲ್ಲಿ ಕೆಲಸಕ್ಕೆ ಮೂರು ದಿನ ಬೇಕಿದ್ದರೆ ಐದು ದಿನಕ್ಕೆ ಮಂಜೂರಾತಿ ತೆಗೆದುಕೊಳ್ಳಿ. ‘ಎರಡು ದಿನ ಸುಮ್ಮನೆ ಯಾಕೆ’ ಎಂದು ಕೇಳುವ ಅಕೌಂಟ್ಸ್ ವಿಭಾಗದ ಮುಂದೆ, ಕೊನೇ ಗಳಿಗೆಯಲ್ಲಿ ಕೊಳ್ಳುವ ವಿಮಾನದ ಟಿಕೆಟ್‌ನ ದರ ಇಡಿ, ಸಾಕು.

ವಿಮಾನವನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಅಲ್ಲಿಯ ರನ್‌ವೇ ನೌಕಾಪಡೆಯದು, ಒಂದೇ ಒಂದು. ಹೆಚ್ಚಿನ ವಿಮಾನಗಳು ಹಗಲಿನಲ್ಲೇ ಬಂದು ಹೋಗುತ್ತವೆ. ಮೋಡ ಕವಿದು ಇಳಿಯಲಾಗದಿದ್ದರೆ ಹತ್ತಿರದಲ್ಲಿ ಇಳಿಯಲು ಬೇರೆ ನಾಗರಿಕ ನಿಲ್ದಾಣವಿಲ್ಲ, ಬಂದ ವಿಮಾನ ಸಾವಿರ ಕಿಲೋಮೀಟರ್‌ಗೂ ದೂರದ ಚೆನ್ನೈಗೋ ಹೊರಟ ಊರಿಗೋ ವಾಪಸಾಗುತ್ತದೆ. ಹಾಗೆ ವಾಪಸಾದ ವಿಮಾನವೇ ನೀವು ಹಿಂದಿರುಗಬೇಕಿದ್ದ ವಿಮಾನವಾಗಿರುತ್ತದೆ. ಆದ್ದರಿಂದ ದಿನದ ಮೊದಲ ವಿಮಾನಕ್ಕೆ ಟಿಕೆಟ್ ಮಾಡಿ. ಅದು ರದ್ದಾದರೂ ಅದೇ ದಿನ ಬೇರೆ ಸೀಟು ಹುಡುಕಲು ಹೊತ್ತಿರುತ್ತದೆ.

ಬೆಳಕಿನ ಲೆಕ್ಕವೂ ಬೇರೆ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಅವಸರದವನು. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಮುಳುಗುತ್ತಾನೆ. ಚಾವಣಿ ಮೇಲಿನ ಅಥವಾ ಬಯಲಿನ ಕೆಲಸವಿದ್ದರೆ ಬೆಳಿಗ್ಗೆ ಆರಕ್ಕೆ ಶುರು ಮಾಡುವುದೆಂದು ಮೊದಲೇ ಗ್ರಾಹಕರ ಜೊತೆ ಮಾತಾಡಿಕೊಳ್ಳಿ.

ಬಾರಾಟಾಂಗ್, ರಂಗತ್, ದಿಗ್ಲಿಪುರದ ಕಡೆ ರಸ್ತೆಯಲ್ಲಿ ಹೋಗುವುದಾದರೆ ಜಾರವಾ ಬುಡಕಟ್ಟಿನ ಮೀಸಲು ಪ್ರದೇಶ ದಾಟಬೇಕು. ಜಿರ್ಕಾಟಾಂಗ್ ಗೇಟಿನಿಂದ ನಿಗದಿತ ಹೊತ್ತಿಗೆ ಪೊಲೀಸ್ ಕಾವಲಿನಲ್ಲಿ ಗಾಡಿಗಳ ಸಾಲು ಬಿಡುತ್ತಾರೆ. ತಪ್ಪಿದರೆ ಮುಂದಿನ ಸಾಲಿನವರೆಗೆ ಕಾಯಬೇಕು. ದಾರಿಯಲ್ಲಿ ಗಾಡಿ ನಿಲ್ಲಿಸುವುದು, ಫೋಟೊ, ವಿಡಿಯೊ ಎಲ್ಲ ನಿಷಿದ್ಧ. ಕಿಟಕಿಯಿಂದ ತೆಗೆದ ಹತ್ತು ಸೆಕೆಂಡಿನ ವಿಡಿಯೊ ಸ್ಟೇಟಸ್‌ಗೆ ಹಾಕಿದರೂ ಕೇಸು ಬೀಳುತ್ತದೆ. ನಿಕೋಬಾರ್‌ಗೆ ಹೋಗುವುದಾದರೆ ಟ್ರೈಬಲ್ ಪಾಸ್ ಬೇಕು, ಕೆಲಸ ಕೊಟ್ಟ ಇಲಾಖೆಯ ಪತ್ರ ಇಟ್ಟುಕೊಂಡೇ ಅರ್ಜಿ ಹಾಕಿ. ಅಂಡಮಾನ್‌ನ ಉಳಿದ ಊರುಗಳಿಗೆ ಭಾರತೀಯರಿಗೆ ಪರ್ಮಿಟ್ ಬೇಡ. ಲಕ್ಷದ್ವೀಪದ ನಿಯಮ ಇದಕ್ಕೆ ತದ್ವಿರುದ್ಧ: ಅಲ್ಲಿಗೆ ಪ್ರವೇಶ ಪರ್ಮಿಟ್ ಇಲ್ಲದೆ ಟಿಕೆಟ್ ಮಾಡುವುದು ವ್ಯರ್ಥ. ಅಲ್ಲಿಗೆ ಭಾರದ ಸಾಮಾನು ಕಳಿಸುವವರು ಮಂಗಳೂರಿನ ಹಳೆ ಬಂದರಿನಿಂದ ಹೋಗುವ ಮಂಜಿಗಳನ್ನು (ಸರಕು ಸಾಗಿಸುವ ಮರದ ಹಡಗುಗಳನ್ನು) ನೆಚ್ಚಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಅವು ಕಡಲಿಗಿಳಿಯುವುದಿಲ್ಲ ಎಂಬುದು ನೆನಪಿರಲಿ.

ಟಿಕೆಟ್ ಮಾಡುವಾಗಲೇ ಮುಗಿಸಬೇಕಾದದ್ದು

ಟಿಕೆಟ್‌ನಲ್ಲಿ ಯಾರ ಮೊಬೈಲ್ ನಂಬರ್ ಇದೆ ನೋಡಿ. ಆಫೀಸಿನ ಟ್ರಾವೆಲ್ ಡೆಸ್ಕ್ ಅಥವಾ ಏಜೆಂಟ್ ಮಾಡಿದ ಟಿಕೆಟ್‌ನಲ್ಲಿ ಬಹಳ ಸಲ ಅವರದೇ ನಂಬರ್ ಮತ್ತು ಇಮೇಲ್ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಬರುವ ‘ವಿಮಾನ ರದ್ದಾಗಿದೆ’ ಎಂಬ ಎಸ್‌ಎಂಎಸ್ ಅವರಿಗೆ ಹೋಗುತ್ತದೆ, ನೀವು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಟ್ಯಾಕ್ಸಿ ಹತ್ತುತ್ತೀರಿ. ಇಷ್ಟೇ ಆದರೆ ಸಹಿಸಿಕೊಳ್ಳಬಹುದಿತ್ತು. ವಿಮಾನಯಾನದ ಮೇಲ್ವಿಚಾರಣೆ ಮಾಡುವ ಡಿಜಿಸಿಎ ನಿಯಮದಂತೆ, ಸಂಪರ್ಕ ವಿವರ ಸರಿಯಾಗಿ ಕೊಡದ ಪ್ರಯಾಣಿಕರಿಗೆ ರದ್ದತಿಯ ಪರಿಹಾರದ ಹಣ ಸಿಗುವುದಿಲ್ಲ. ಮೇಲಾಗಿ ಎಕ್ಸ್‌ನಲ್ಲಿ (ಹಳೆಯ ಟ್ವಿಟರ್) ಸಹಾಯ ಕೇಳಿದಾಗ ಗುರುತು ಖಾತ್ರಿಗೆ ‘ಬುಕಿಂಗ್‌ನಲ್ಲಿರುವ ಫೋನ್ ನಂಬರ್ ತಿಳಿಸಿ’ ಎನ್ನುತ್ತಾರೆ; ಅದು ಏಜೆಂಟನದಾಗಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಟಿಕೆಟ್ ಬಂದ ದಿನವೇ ವಿಮಾನ ಕಂಪನಿಯ ಆ್ಯಪ್‌ನಲ್ಲಿ ನಿಮ್ಮ ನಂಬರ್ ಸೇರಿಸಿ.

ಕಂಪನಿಯ ಜಿಎಸ್‌ಟಿ ನಂಬರನ್ನು ಬುಕ್ ಮಾಡುವಾಗಲೇ ಹಾಕಿಸಿ, ಆಮೇಲೆ ಸೇರಿಸಿ ಎಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೋಟೆಲ್ ಬಿಲ್ಲಿನ ಕಥೆ ಬೇರೆ. ರೂಮಿನ ಜಿಎಸ್‌ಟಿ ಕಟ್ಟಡ ಇರುವ ಜಾಗಕ್ಕೆ ಸೇರಿದ್ದು. ಕರ್ನಾಟಕದಲ್ಲಿ ಮಾತ್ರ ನೋಂದಣಿ ಇರುವ ಕಂಪನಿಗೆ ಅಂಡಮಾನ್‌ನ ರೂಮಿನ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ, ಬಜೆಟ್‌ನಲ್ಲಿ ಅದನ್ನು ಖರ್ಚೆಂದೇ ಬರೆಯಿರಿ.

ಇಬ್ಬರು ಮೂವರು ಒಟ್ಟಿಗೆ ಹೋಗುವಾಗ ಎಲ್ಲರನ್ನೂ ಒಂದೇ ಪಿಎನ್‌ಆರ್‌ಗೆ ಸೇರಿಸುವುದು ಹಿಂದಿನ ಅಭ್ಯಾಸ. ದ್ವೀಪಕ್ಕೆ ಬೇರೆ ಬೇರೆ ಪಿಎನ್‌ಆರ್ ಒಳ್ಳೆಯದು. ವಿಮಾನ ರದ್ದಾದಾಗ ಮರುದಿನ ಒಂದೇ ಸೀಟಿದ್ದರೆ ಒಬ್ಬರಾದರೂ ಹೋಗಬಹುದು. ಒಂದೇ ಪಿಎನ್‌ಆರ್ ಆದರೆ ಮೊದಲು ಅದನ್ನು ಒಡೆಸಬೇಕು, ಅಷ್ಟರಲ್ಲಿ ಆ ಸೀಟೂ ಹೋಗಿರುತ್ತದೆ.

ಸರಂಜಾಮು

ಸ್ಕ್ರೂಡ್ರೈವರ್, ಸ್ಪ್ಯಾನರ್, ಕಟ್ಟಿಂಗ್ ಪ್ಲೈಯರ್ ಎಲ್ಲ ಚೆಕ್-ಇನ್ ಬ್ಯಾಗಿಗೆ. ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿ ಕೈಚೀಲಕ್ಕೆ, ಅದರಲ್ಲಿ ರಾಜಿಯಿಲ್ಲ. 100 ವಾಟ್-ಅವರ್ ಒಳಗಿದ್ದರೆ ಹಾಗೇ ಬಿಡುತ್ತಾರೆ, 100ರಿಂದ 160ರವರೆಗೆ ಕಂಪನಿಯ ಒಪ್ಪಿಗೆ ಬೇಕು, ಅದಕ್ಕಿಂತ ದೊಡ್ಡದಕ್ಕೆ ಪ್ರಯಾಣಿಕರ ಸಾಮಾನಿನಲ್ಲಿ ಜಾಗವಿಲ್ಲ. ಪವರ್ ಬ್ಯಾಂಕ್‌ನ ಲೆಕ್ಕ ಸುಲಭ: ಎಂಎಎಚ್ ಅನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 20,000 ಎಂಎಎಚ್‌ನದು 74 ವಾಟ್-ಅವರ್, 30,000ದ್ದು 111. ಕಾರ್ಡ್‌ಲೆಸ್ ಡ್ರಿಲ್ ತರುವವರು ಯಂತ್ರವನ್ನು ಚೆಕ್-ಇನ್‌ಗೆ ಕೊಟ್ಟು ಬ್ಯಾಟರಿ ಕಳಚಿ, ಅದರ ತಾಮ್ರದ ಪಟ್ಟಿಗಳಿಗೆ ಟೇಪ್ ಸುತ್ತಿ ಕೈಚೀಲದಲ್ಲಿಡಬೇಕು. ಬ್ಯಾಟರಿ ಚೆಕ್-ಇನ್ ಬ್ಯಾಗಿನಲ್ಲೇ ಉಳಿದರೆ ಎಕ್ಸ್‌ರೇಯಲ್ಲಿ ಸಿಕ್ಕಿಬೀಳುತ್ತದೆ, ಬ್ಯಾಗು ಬೆಂಗಳೂರಿನಲ್ಲೇ ಉಳಿಯಲೂಬಹುದು.

ಎಸಿ ಮೆಕ್ಯಾನಿಕ್‌ಗಳು ಸಿಕ್ಕಿಕೊಳ್ಳುವುದು ಗ್ಯಾಸಿನಲ್ಲಿ. ಆರ್-32 ಆಗಲಿ ಆರ್-410ಎ ಆಗಲಿ, ಸಿಲಿಂಡರ್ ವಿಮಾನ ಹತ್ತುವುದಿಲ್ಲ. ಬ್ರೇಜಿಂಗ್‌ನ ಗ್ಯಾಸ್ ಕ್ಯಾನ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಥಿನ್ನರ್ ಕೂಡ ಅಷ್ಟೇ. ಶ್ರೀ ವಿಜಯಪುರಂನಲ್ಲಿ ಸಿಗುತ್ತದೆಯೇ ಎಂದು ಗ್ರಾಹಕರಿಂದಲೇ ವಿಚಾರಿಸಿ, ಸಿಗದಿದ್ದರೆ ವಾರಗಳ ಮುಂಚೆ ಹಡಗಿನ ಸರಕಿಗೆ ಹಾಕಿಸಿ. ಗ್ಯಾಸಿಲ್ಲದೆ ಹೋದ ಮೆಕ್ಯಾನಿಕ್ ಸಮುದ್ರ ನೋಡಿಕೊಂಡು ಬರಬೇಕು.

ಹೊರಡುವ ಮುಂಚೆ ಫೋನಿನಲ್ಲಿ

ವಿಮಾನ ಕಂಪನಿಯ ವೆಬ್‌ಸೈಟ್ ತೆರೆದು ಪುಟದ ತಳದಲ್ಲಿರುವ ಎಕ್ಸ್, ಇನ್‌ಸ್ಟಾಗ್ರಾಂ, ವಾಟ್ಸ್ಯಾಪ್ ಕೊಂಡಿಗಳ ಮೂಲಕವೇ ಖಾತೆಗೆ ಹೋಗಿ ಫಾಲೋ ಮಾಡಿ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಎಂದು ಹುಡುಕಬೇಡಿ; ಅಲ್ಲಿ ಕಾಣುವ ನಂಬರ್‌ಗಳಲ್ಲಿ ವಂಚಕರದೂ ಸೇರಿರುತ್ತದೆ. ಫೆರಿ ಕಂಪನಿಗಳ ಖಾತೆಗಳನ್ನೂ ಹೀಗೇ ಉಳಿಸಿಕೊಳ್ಳಿ. ಎಕ್ಸ್ ಖಾತೆಯಲ್ಲಿ ಟಿಕೆಟ್‌ನಲ್ಲಿರುವ ಹೆಸರೇ ಇರಲಿ, ಡಿಎಂ (ಖಾಸಗಿ ಸಂದೇಶ) ತೆರೆದಿರಲಿ.

2020ರ ಆಗಸ್ಟ್‌ನಲ್ಲಿ ಚೆನ್ನೈ–ಅಂಡಮಾನ್ ಸಮುದ್ರದಡಿಯ ಕೇಬಲ್ ಶುರುವಾದ ಮೇಲೆ ಇಂಟರ್ನೆಟ್ ಬಹಳ ಸುಧಾರಿಸಿದೆ. ಆದರೂ ಎರಡು ಕಂಪನಿಯ ಸಿಮ್ ಇಟ್ಟುಕೊಳ್ಳಿ, ಅದರಲ್ಲೊಂದು ಬಿಎಸ್‌ಎನ್‌ಎಲ್ ಆದರೆ ವಾಸಿ. ಫೆರಿ ದಡ ಬಿಟ್ಟ ಮೇಲೆ ಸಿಗ್ನಲ್ ಹೋಗುತ್ತದೆ, ಕಳಿಸಬೇಕಾದ ಮೆಸೇಜನ್ನು ಜೆಟ್ಟಿಯಲ್ಲೇ ಕಳಿಸಿ. ಟಿಕೆಟ್, ಐಡಿ, ಹೋಟೆಲ್ ಬುಕಿಂಗ್‌ಗಳ ಪಿಡಿಎಫ್ ಫೋನಿನಲ್ಲೇ ಇರಲಿ, ಇಮೇಲ್‌ನಲ್ಲಿ ಹುಡುಕುವ ಸ್ಥಿತಿ ಬೇಡ.

ವಿಮಾನ ರದ್ದಾಯಿತು, ಈಗ?

ನಿಲ್ದಾಣದಲ್ಲಿದ್ದರೆ ಮೊದಲು ಕೌಂಟರಿನ ಸಾಲಿನಲ್ಲಿ ನಿಲ್ಲಿ. ನಿಂತುಕೊಂಡೇ ಉಳಿದದ್ದನ್ನು ಮಾಡಿ. ಎಕ್ಸ್ ಇದೆಯೆಂದು ಮೂಲೆಯಲ್ಲಿ ಕೂತವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ಸಾಲಿನಲ್ಲಿ ನಿಂತಾಗ ಆ್ಯಪ್ ತೆರೆದು ಅದೇ ಕಂಪನಿಯ ಯಾವ ವಿಮಾನದಲ್ಲಿ ಸೀಟಿದೆ ನೋಡಿ. ನೇರ ವಿಮಾನ ಇಲ್ಲದಿದ್ದರೆ ಚೆನ್ನೈ, ಹೈದರಾಬಾದ್, ಕೋಲ್ಕತ್ತ ಮೂಲಕ ನೋಡಿ. ವಿಮಾನದ ಸಂಖ್ಯೆ, ಹೊತ್ತು ಬರೆದುಕೊಳ್ಳಿ. ರದ್ದಾದ ಟಿಕೆಟನ್ನು ತಾವೇ ಬದಲಾಯಿಸಿಕೊಳ್ಳುವ ಪುಟ ಕಂಪನಿಗಳಲ್ಲಿದೆ (ಇಂಡಿಗೋದಲ್ಲಿ ಅದರ ಹೆಸರು ಪ್ಲಾನ್ ಬಿ). ಅಲ್ಲೇ ಕೆಲಸವಾದರೆ ಯಾರನ್ನೂ ಕೇಳಬೇಕಿಲ್ಲ.

ಆ ಪುಟದಲ್ಲಿ ರೀಫಂಡ್ ಗುಂಡಿಯೂ ಇರುತ್ತದೆ. ಸಿಟ್ಟಿನಲ್ಲಿ ಅದನ್ನು ಒತ್ತಿದರೆ ಟಿಕೆಟ್ ಅಲ್ಲಿಗೆ ಮುಗಿಯಿತು, ಬೇರೆ ವಿಮಾನಕ್ಕೆ ಪುಕ್ಕಟೆ ಬದಲಾಯಿಸಿಕೊಡುವ ಹೊಣೆಯೂ ಮುಗಿಯಿತು. ಕೈಗೆ ಬರುವುದು ತಿಂಗಳ ಹಿಂದಿನ ದರ, ಕೊಡಬೇಕಾದ್ದು ಇವತ್ತಿನ ದರ. ದ್ವೀಪದಲ್ಲಿ ಸಿಕ್ಕಿಕೊಂಡವರು ಬೇರೆ ಕಂಪನಿಯ ಸೀಟು ಖಾತ್ರಿಯಾಗುವವರೆಗೆ ರೀಫಂಡ್ ಮುಟ್ಟಬಾರದು.

ಇಷ್ಟಾದ ಮೇಲೆ ಎಕ್ಸ್. ಎಲ್ಲರಿಗೂ ಕಾಣುವ ಪೋಸ್ಟ್‌ನಲ್ಲಿ ಬೇಕಾದ್ದು ನಾಲ್ಕೇ ಸಂಗತಿ: ವಿಮಾನ ಸಂಖ್ಯೆ ಮತ್ತು ತಾರೀಖು, ಏನಾಯಿತು, ಎಷ್ಟು ಜನ, ಏನು ಬೇಕು. ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಬರೆದರೆ ಉತ್ತರ ಬೇಗ ಬರುತ್ತದೆ. ಸಾರಾಂಶ ಹೀಗಿರಲಿ:

‘14ನೇ ತಾರೀಖಿನ ಶ್ರೀ ವಿಜಯಪುರಂ–ಬೆಂಗಳೂರು ವಿಮಾನ ರದ್ದಾಗಿದೆ ಎಂದು ಬೆಳಿಗ್ಗೆ 5.40ಕ್ಕೆ ಎಸ್‌ಎಂಎಸ್ ಬಂದಿದೆ. ಒಬ್ಬ ಪ್ರಯಾಣಿಕ. ರೀಫಂಡ್ ಬೇಡ. ಇವತ್ತು ಚೆನ್ನೈ ಮೂಲಕ ಹೋಗುವ ನಿಮ್ಮ 11.20ರ ವಿಮಾನದಲ್ಲಿ ಸೀಟು ಕಾಣುತ್ತಿದೆ, ಅದಕ್ಕೆ ಬದಲಾಯಿಸಿ. ವಿವರ ಡಿಎಂನಲ್ಲಿ ಕಳಿಸಿದ್ದೇನೆ.’

ಇದನ್ನು ‘ಎಂಥಾ ದರಿದ್ರ ಸೇವೆ, ಗಂಟೆಯಿಂದ ಕಾಯ್ತಿದೀನಿ, ಯಾರೂ ಕೇಳೋರಿಲ್ಲ’ ಎಂಬ ಪೋಸ್ಟ್‌ನ ಪಕ್ಕ ಇಟ್ಟು ನೋಡಿ. ಎರಡನೆಯದನ್ನು ಓದಿದ ಪ್ರತಿನಿಧಿ ಕ್ಷಮೆ ಕೇಳಬಲ್ಲರು, ಅಷ್ಟೇ. ಮೊದಲನೆಯದನ್ನು ಓದಿದವರು ಸೀಟು ನೋಡಿ ಬದಲಾಯಿಸಬಹುದು. ಅತ್ತ ಕೂತವರ ಪರದೆಯಲ್ಲಿ ನೂರಾರು ದೂರು ಇರುತ್ತವೆ, ಎರಡು ನಿಮಿಷದಲ್ಲಿ ಮುಗಿಯುವ ಕೆಲಸವನ್ನು ಅವರು ಮೊದಲು ಎತ್ತಿಕೊಳ್ಳುತ್ತಾರೆ.

ಡಿಎಂನಲ್ಲಿ ಪಿಎನ್‌ಆರ್, ಟಿಕೆಟ್‌ನಲ್ಲಿರುವಂತೆ ಹೆಸರು, ಬುಕಿಂಗ್‌ನ ಫೋನ್ ನಂಬರ್, ಬೇಕಾದ ವಿಮಾನ, ಅದು ಸಿಗದಿದ್ದರೆ ಎರಡನೇ ಆಯ್ಕೆ, ಎಲ್ಲವನ್ನೂ ಒಂದೇ ಸಂದೇಶದಲ್ಲಿ ಕಳಿಸಿ. ಮೊದಲು ಬರುವ ಉತ್ತರ ಯಂತ್ರದ್ದು, ಅದಕ್ಕೆ ಬೇಸರಪಡಬೇಡಿ. ಆಮೇಲೆ ಬರುವ ಪ್ರತಿನಿಧಿಗಳು ಪಾಳಿಯಲ್ಲಿ ಬದಲಾಗುತ್ತಾರೆ, ಹೊಸಬರು ಹಳೆಯದನ್ನು ಓದದೆ ಮತ್ತೆ ಪಿಎನ್‌ಆರ್ ಕೇಳುವುದುಂಟು. ಅದೇ ಸರಣಿಯಲ್ಲಿ ಅದೇ ಸಂದೇಶವನ್ನು ಮತ್ತೆ ಅಂಟಿಸಿ. ಹೊಸ ಹೊಸ ಪೋಸ್ಟ್ ಹಾಕಿ ಸಚಿವರು, ಟಿವಿ ಚಾನೆಲ್ ಎಲ್ಲರನ್ನೂ ಟ್ಯಾಗ್ ಮಾಡಿದರೆ ಒಂದೇ ದೂರು ಹತ್ತು ಕಡೆ ಹರಡಿ, ಯಾರ ಕೈಯಲ್ಲಿದೆ ಎಂಬುದೇ ತಿಳಿಯದಾಗುತ್ತದೆ. ಬದಲಾಯಿಸಿದ್ದೇವೆ ಎಂದು ಅವರು ಬರೆದರೆ ಸಾಲದು. ಆ್ಯಪ್‌ನಲ್ಲಿ ಹೊಸ ವಿಮಾನ ಕಾಣಿಸಿ, ಹೊಸ ಟಿಕೆಟ್ ಇಮೇಲ್‌ಗೆ ಬರುವವರೆಗೆ ಸಾಲು ಬಿಡಬೇಡಿ.

ಐದೇ ನಿಮಿಷದಲ್ಲಿ ಬರುವ ‘ಸಹಾಯ’

ದೂರಿನ ಪೋಸ್ಟ್ ಹಾಕಿದ ಕೂಡಲೇ ಕಂಪನಿಯದೇ ಲೋಗೊ ಇಟ್ಟುಕೊಂಡ ಖಾತೆಯೊಂದು ಬಂದು ‘ನಿಮ್ಮ ವಾಟ್ಸ್ಯಾಪ್ ನಂಬರ್ ಕಳಿಸಿ, ನಮ್ಮ ರೀಫಂಡ್ ಅಧಿಕಾರಿ ಕರೆ ಮಾಡುತ್ತಾರೆ’ ಎನ್ನುತ್ತದೆ. ಖಾತೆಯ ಹೆಸರಿನಲ್ಲಿ ಒಂದಕ್ಷರ ಹೆಚ್ಚೋ ಕಡಿಮೆಯೋ ಇರುತ್ತದೆ, ಫಾಲೋ ಮಾಡುವವರು ಬೆರಳೆಣಿಕೆ. ನೀಲಿ ಟಿಕ್ ಇದ್ದರೂ ನಂಬಬೇಡಿ, ಅದನ್ನು ಈಗ ದುಡ್ಡು ಕೊಟ್ಟು ಪಡೆಯಬಹುದು. ಸಂಸ್ಥೆಗಳ ಟಿಕ್ ಬಂಗಾರದ ಬಣ್ಣದ್ದು. ಮುಂದಿನ ಹೆಜ್ಜೆಯಲ್ಲಿ ಅವರು ಕೇಳುವುದು ಎಪಿಕೆ ಫೈಲ್ ಹಾಕಿಕೊಳ್ಳಿ, ಸ್ಕ್ರೀನ್ ಹಂಚಿಕೊಳ್ಳಿ, ಹತ್ತು ರೂಪಾಯಿ ಶುಲ್ಕ ಕಟ್ಟಿ, ಯುಪಿಐ ಪಿನ್ ಒತ್ತಿ ಎಂದು. ಹಣ ಪಡೆಯಲು ಪಿನ್ ಬೇಕಾಗುವುದಿಲ್ಲ. ದುಡ್ಡು ಹೋಗಿಯೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬೋರ್ಡಿಂಗ್ ಪಾಸ್‌ನ ಫೋಟೊ ಎಲ್ಲೂ ಹಾಕಬೇಡಿ. ಪಿಎನ್‌ಆರ್ ಮೇಲೆ ಬೆರಳಿಟ್ಟು ಮುಚ್ಚಿದರೂ ಬಾರ್‌ಕೋಡ್ ಒಳಗೆ ಅದೇ ಇದೆ. ಪಿಎನ್‌ಆರ್ ಮತ್ತು ಹೆಸರು ಸಿಕ್ಕರೆ ನಿಮ್ಮ ಟಿಕೆಟನ್ನು ಯಾರು ಬೇಕಾದರೂ ತೆರೆದು ನೋಡಬಹುದು.

ಹಕ್ಕಿನಿಂದ ಕೇಳಬಹುದಾದದ್ದು

ಬೆಂಗಳೂರಿನಿಂದ ನೇರ ವಿಮಾನಕ್ಕೆ ಎರಡೂವರೆ ಗಂಟೆಗಿಂತ ಹೆಚ್ಚು ಬೇಕಾಗುವುದರಿಂದ ಮೂರು ಗಂಟೆ ತಡವಾದರೆ ಊಟ-ತಿಂಡಿ ಕೊಡಬೇಕು. ಎರಡೂವರೆ ಗಂಟೆಯೊಳಗಿನ ಚೆನ್ನೈ ಹಾರಾಟಕ್ಕಾದರೆ ಎರಡು ಗಂಟೆ ತಡಕ್ಕೇ. 24 ಗಂಟೆ ಮೀರಿದ ತಡಕ್ಕೆ ಹೋಟೆಲ್. ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ, ಆಯ್ಕೆ ನಿಮ್ಮದು. ಮುಂಚಿತವಾಗಿ ತಿಳಿಸದೆ ರದ್ದು ಮಾಡಿದರೆ, ಎರಡು ಗಂಟೆಗಿಂತ ಹೆಚ್ಚಿನ ಹಾರಾಟಕ್ಕೆ 10,000 ರೂಪಾಯಿ ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಎರಡರಲ್ಲಿ ಕಡಿಮೆಯದು ಪರಿಹಾರವಾಗಿ ಬರಬೇಕು.

ಹವಾಮಾನ ಕಾರಣವಾದರೆ ಈ ಪರಿಹಾರ ಇಲ್ಲ, ಬೇರೆ ವಿಮಾನ ಅಥವಾ ರೀಫಂಡ್ ಮಾತ್ರ. ಅಂಡಮಾನ್‌ನಲ್ಲಿ ಹೆಚ್ಚಿನ ಜಗಳ ಇಲ್ಲೇ. ಕೌಂಟರಿನಲ್ಲಿ ‘ಕಾರಣ ಬರೆದು ಕೊಡಿ’ ಎಂದು ಕೇಳಿ, ರದ್ದತಿಯ ಪ್ರಮಾಣಪತ್ರ ಕೊಡುತ್ತಾರೆ. ಆಫೀಸಿಗೂ ಅದು ಬೇಕಾಗುತ್ತದೆ. ಅದೇ ಗಂಟೆಯಲ್ಲಿ ಬೇರೆ ಕಂಪನಿಗಳ ವಿಮಾನ ಇಳಿದು ಹೊರಟಿದ್ದರೆ ವಿಮಾನಗಳ ಓಡಾಟ ತೋರಿಸುವ ಫ್ಲೈಟ್‌ರೇಡಾರ್24 ಆ್ಯಪ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪೂರ್ಣ ಸಾಕ್ಷ್ಯವಲ್ಲದಿದ್ದರೂ ವಾದಕ್ಕೆ ಬಲ ಬರುತ್ತದೆ.

ಬ್ಯಾಗು ಬರದಿದ್ದರೆ ಬೆಲ್ಟ್ ಪಕ್ಕದ ಕೌಂಟರಿನಲ್ಲಿ ಪಿಐಆರ್ (ಬ್ಯಾಗಿನ ತೊಂದರೆಯ ಅಧಿಕೃತ ವರದಿ) ಬರೆಸದೆ ಹೊರಗೆ ಕಾಲಿಡಬೇಡಿ. ಅದರ ಸಂಖ್ಯೆ ಇಲ್ಲದೆ ಎಕ್ಸ್‌ನಲ್ಲಿ ಎಷ್ಟು ಕೇಳಿದರೂ ಯಾರೂ ಏನೂ ಹುಡುಕಲಾರರು. ಬ್ಯಾಗು ಒಡೆದಿದ್ದರೆ ಏಳು ದಿನದೊಳಗೆ ಲಿಖಿತ ದೂರು ಕೊಡಬೇಕು. ‘ಬ್ಯಾಗನ್ನು ಸ್ವರಾಜ್ ದ್ವೀಪಕ್ಕೆ ತಲುಪಿಸಿ’ ಎಂದು ಪಿಐಆರ್‌ನಲ್ಲೇ ಬರೆಸಿ, ಇಲ್ಲವಾದರೆ ಅದು ವಿಮಾನ ನಿಲ್ದಾಣದಲ್ಲಿ ನಿಮಗಾಗಿ ಕಾಯುತ್ತಿರುತ್ತದೆ.

ಫೆರಿಯವರ ಜೊತೆ

ಇಲ್ಲಿ ಎಕ್ಸ್‌ಗಿಂತ ವಾಟ್ಸ್ಯಾಪ್ ಮತ್ತು ಫೋನ್ ಚುರುಕು. ಮರುದಿನ ಫೆರಿ ಇದೆಯೇ ಎಂದು ಹಿಂದಿನ ಸಂಜೆಯೇ ಕೇಳಿ. ಖಾಸಗಿ ಫೆರಿ ರದ್ದಾದರೆ ಸರ್ಕಾರಿ ಫೆರಿ ಹೊರಡುತ್ತಿದೆಯೇ ವಿಚಾರಿಸಿ. ಅದರ ಟಿಕೆಟ್ ಫೀನಿಕ್ಸ್ ಬೇ ಜೆಟ್ಟಿಯ ಕೌಂಟರಿನಲ್ಲಿ, ಖಾಸಗಿಯವರು ಹೊರಡುವುದು ಹ್ಯಾಡೊ ಕಡೆಯಿಂದ. ಎರಡನ್ನೂ ಕಲೆಸಿಕೊಂಡು ತಪ್ಪು ಜೆಟ್ಟಿಗೆ ಆಟೊ ಹಿಡಿಯುವವರು ಕಡಿಮೆಯಿಲ್ಲ. ಸರ್ಕಾರಿ ಫೆರಿಯ ಬಗ್ಗೆ ಎಕ್ಸ್‌ನಲ್ಲಿ ಕೇಳುತ್ತ ಕೂರುವ ಬದಲು ಜೆಟ್ಟಿಗೆ ಹೋಗಿ.

ಉತ್ತರ ಬರದಿದ್ದರೆ

ವಿಮಾನ ಕಂಪನಿಯ ವೆಬ್‌ಸೈಟ್‌ನಲ್ಲಿ ನೋಡಲ್ ಅಧಿಕಾರಿ ಮತ್ತು ಮೇಲ್ಮನವಿ ಅಧಿಕಾರಿಯ ಇಮೇಲ್ ಇರುತ್ತದೆ. ಡಿಎಂನ ಸ್ಕ್ರೀನ್‌ಶಾಟ್‌ಗಳನ್ನು ಹೊತ್ತು ಕಾಣುವಂತೆ ಜೋಡಿಸಿ ಮೊದಲು ಅಲ್ಲಿಗೆ ಕಳಿಸಿ, ನಂತರ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಫೆರಿ, ಹೋಟೆಲ್, ಬುಕಿಂಗ್ ಆ್ಯಪ್‌ಗಳ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ. ಘಟನೆ ಅಂಡಮಾನ್‌ನಲ್ಲಿ ನಡೆದಿದ್ದರೂ 2019ರ ಕಾಯ್ದೆಯಂತೆ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಎರಡು ವರ್ಷದ ಗಡುವಿದೆ. ಟಿಕೆಟ್ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಟಿಕೆಟ್ ಕಂಪನಿಯ ದುಡ್ಡಿನದಾದರೆ ದೂರು ಯಾರ ಹೆಸರಿನಲ್ಲಿರಬೇಕು ಎಂಬುದನ್ನು ಹಾಕುವ ಮುಂಚೆ ಆಫೀಸಿನಲ್ಲಿ ಇತ್ಯರ್ಥ ಮಾಡಿಕೊಳ್ಳಿ.